ನೂರು ಗ್ರಾಂ ಸೂಟು

ಹಾಸನದ ಮಂಡಿಯಲ್ಲಿ ಇಪ್ಪತ್ತಾರು ವರ್ಷ
ತೂಕ ಹಾಕಿದವನು ನಾನು.
ಆಲೂಗಡ್ಡೆ, ಜೋಳ, ಶುಂಠಿ,
ಒಂದು ಸಲ ಪಂದ್ಯ ಕಟ್ಟಿ ಹಮಾಲಿ ದಸ್ತಗೀರನನ್ನೇ.
ಹಿಮದ ಮೇಲೆ ಜಾರುವ ಹಲಗೆಯನ್ನು ಮಾತ್ರ
ಯಾರೂ ತಂದಿರಲಿಲ್ಲ.

ತಂದವಳು ತನುಜ, ಟೀ ಅಂಗಡಿ ಪುಟ್ಟಲಕ್ಷ್ಮಿಯ ಮಗಳು.
ಎನ್‌ಸಿಸಿಯವರು ಒಮ್ಮೆ ಗುಲ್ಮಾರ್ಗಿಗೆ ಕರೆದೊಯ್ದದ್ದೇ ನೆಪ,
ಬಂದವಳು ನೆಟ್ಟಗೆ ನಡೆಯುವುದನ್ನೇ ಮರೆತಳು.
ಲಾರಿಗೆ ಚೀಲ ಏರಿಸುವ ಇಳಿಜಾರು ಕಂಡರೆ ಸಾಕು,
ಅಡ್ಡ ತಿರುಗಿ, ಮಂಡಿ ಬಗ್ಗಿಸಿ ನಿಲ್ಲುತ್ತಾಳೆ
ಮಂಡಿಯ ನಟ್ಟನಡುವೆ.

'ಅಣ್ಣಾ, ಹದಿನೈದು ಕೆಜಿಗೆ ಮೇಲಾದರೆ ದುಡ್ಡು ಕೇಳ್ತಾರೆ.
ನಿಮ್ಮ ತಕ್ಕಡಿ ಸುಳ್ಳು ಹೇಳಲ್ಲ ತಾನೆ?'
ದಸ್ತಗೀರ ಕೆಮ್ಮಿದ.
ನಾನು ತಕ್ಕಡಿಯ ಮೇಲಿನ ಮಣ್ಣು ಒರೆಸಿದೆ.

ಶುಂಠಿಯ ಒಂದೊಂದು ಚೀಲಕ್ಕೂ
ಮಣ್ಣಿಗೆಂದು, ಹಸಿಗೆಂದು, ಗೋಣಿಗೆಂದು
ಎರಡು ಕೆಜಿ ಸೂಟು ಮುರಿಯುವ ಕೈ ನನ್ನದು.
ಮುರಿದದ್ದು ನನ್ನ ಮನೆಗೆ ಹೋಗಿಲ್ಲ.
ಬೆಳೆದವನ ಮನೆಗೂ ಹೋಗಿಲ್ಲ.

ಹಲಗೆ ಅವಳ ಗದ್ದದವರೆಗೆ.
ಯಾರೋ ಪರದೇಶದವನು ಮನಾಲಿಯಲ್ಲಿ ಮಾರಿಹೋದದ್ದು,
ಅಂಚಿಗೆ ಕಬ್ಬಿಣ, ಕುಡುಗೋಲಿನಷ್ಟು ಚೂಪು.
ಬರೀ ಚೀಲವಾದರೆ ಕೊಯ್ದುಕೊಂಡು ಬರುತ್ತೆ ಅಂದಳು.
ಜಲಂಧರದಿಂದ ಬಿತ್ತನೆಗಡ್ಡೆ ತಂದ ಎರಡು ಗೋಣಿಗಳನ್ನು
ಉದ್ದಕ್ಕೆ ಕೂಡಿಸಿ ದಬ್ಬಳದಲ್ಲಿ ಹೊಲಿದೆ.
ಲಾರಿಯಲ್ಲಿ ಆರು ದಿನ ಕುಲುಕಿಕೊಂಡು ಬಂದ ಗೋಣಿ
ವಿಮಾನದಲ್ಲಿ ವಾಪಸು ಹೊರಟಿತ್ತು.
ಅದರ ಮೇಲೆ ಜಿಪ್ಪಿನ ನೀಲಿ ಚೀಲ.

ಪಾದ ಬಿಗಿಯುವ ಪಟ್ಟಿಗಳನ್ನು ಬಿಚ್ಚಿದಳು.
ಎಂಟು ತಿರುಪು. ನಾನೇ ಎಣಿಸಿದೆ:
ಲಾಭ, ಎರಡು, ಮೂರು...
'ಒಂದು ಎಲ್ಲಿ ಹೋಯ್ತಣ್ಣಾ?' ನಕ್ಕಳು.
ಒಂದು ಅಂತ ನಾವು ಅನ್ನಲ್ಲ ಕಣಮ್ಮ.
ನಮ್ಮಪ್ಪ ಅಂದಿರಲಿಲ್ಲ,
ಅವನಪ್ಪ ಕಣದಲ್ಲಿ ಕೊಳಗ ಹಿಡಿದಾಗಲೂ ಅಂದಿರಲಿಲ್ಲ.
ತಿರುಪುಗಳು ನನ್ನ ಖಾಲಿ ಸುಣ್ಣದ ಡಬ್ಬಿಗೆ ಬಿದ್ದವು.

ಹದಿನೇಳು ಕೆಜಿ ಮುನ್ನೂರು.

'ಸೂಟು ಇಲ್ವಾ ಅಲ್ಲಿ?' ದಸ್ತಗೀರ ಕೇಳಿದ.
'ಗೋಣಿಗಾದರೂ ಕಳೆಯಲ್ವಾ?'
ಇಲ್ಲವಂತೆ. ಗೋಣಿಯೂ ಸಾಮಾನೇ, ಜಿಪ್ಪೂ ಸಾಮಾನೇ,
ಹಲಗೆಗೆ ಬಳಿಯುವ ಮೇಣದ ತುಂಡೂ ಸಾಮಾನೇ.
ಅಷ್ಟು ನಿಯತ್ತಿನ ತಕ್ಕಡಿಯ ಸುದ್ದಿ
ನಾನು ಕೇಳಿರಲಿಲ್ಲ.

ಬೂಟಿನೊಳಗೆ ಕೈ ಹಾಕಿದೆ.
ಎಡಗಾಲಿನದರಲ್ಲಿ ಹುರುಳಿ ಚಟ್ನಿಪುಡಿ.
ಬಲಗಾಲಿನದರಲ್ಲೂ ಹುರುಳಿ ಚಟ್ನಿಪುಡಿ.
ಪುಟ್ಟಲಕ್ಷ್ಮಿ ಟೀ ಸೋಸುತ್ತ ಆ ಕಡೆ ತಿರುಗಿದಳು.
ಪುಡಿ ಜಾಕೆಟ್ಟಿನ ಜೇಬಿಗೆ ಹೋಯಿತು,
ಬೂಟು ಕಾಲಿಗೆ.
ಹದಿನೈದು ಕೆಜಿ ನೂರು.
'ನೂರು ಗ್ರಾಂ ಇರಲಿ' ಅಂದೆ,
'ಅಲ್ಲಿ ಕೂತವಳೂ ಮನುಷ್ಯಳೇ.'

ಮಧ್ಯಾಹ್ನ ಎರಡರ ಬಿಸಿಲಲ್ಲಿ
ಕಣಕಾಲು ಬಗ್ಗದ ಬೂಟು ತೊಟ್ಟು
ಶುಂಠಿ ರಾಶಿಗಳ ನಡುವೆ ಅವಳು ನಡೆದದ್ದು ನೋಡಬೇಕಿತ್ತು:
ಕೆರೆಯಿಂದೆದ್ದ ಎಮ್ಮೆಯಷ್ಟು ನಿಧಾನ, ಅಷ್ಟೇ ಗತ್ತು.
ಹಿಂದೆ ದಸ್ತಗೀರನ ಬೆನ್ನ ಮೇಲೆ ಹಲಗೆ.
ಬಸ್‌ಸ್ಟ್ಯಾಂಡಿನಲ್ಲಿ ಕೂಲಿ ಕೊಡಹೋದರೆ ಒಲ್ಲೆನೆಂದನಂತೆ.
'ಇದು ಮಂಡಿ ಲೆಕ್ಕಕ್ಕೆ ಬರಲ್ಲ.'

ಮಾರನೇ ದಿನ ಶ್ರೀನಗರದಿಂದ ಫೋನು.
ಕೌಂಟರಿನವಳು ಅಂಕಿ ನೋಡಿದಳಂತೆ, ಬೂಟು ನೋಡಿದಳಂತೆ,
ಏನೂ ಅನ್ನದೆ ಚೀಟಿ ಅಂಟಿಸಿದಳಂತೆ.
ಎಲ್ಲರ ಪೆಟ್ಟಿಗೆ ಬಂದು ಬೆಲ್ಟು ನಿಂತು
ಇವಳೊಬ್ಬಳೇ ಉಳಿದ ಮೇಲೆ
ಬೇರೆ ಬಾಗಿಲಿಂದ ಇಬ್ಬರು ಹೊತ್ತು ತಂದರಂತೆ.
'ಕೆಳಗಿಟ್ಟು, ಅವರ ಭಾಷೆಯಲ್ಲಿ
ಉಸ್ಸಪ್ಪಾ ಅಂದರು ಅಣ್ಣಾ.'

ನಾಲ್ಕು ದಿನ ಬಿಟ್ಟು ಮಂಡಿ ಗುಡಿಸುವಾಗ
ಶುಂಠಿ ಮಣ್ಣಿನಲ್ಲಿ ಏನೋ ಮಿನುಗಿತು.
ತಿರುಪು.
ಕೈಜಾರಿತೋ, ಏಳು ಎಣಿಸಿ ಎಂಟು ಅಂದೆನೋ.
ಗಾಬರಿಯಿಂದ ಫೋನು ಮಾಡಿದರೆ
'ಇಲ್ಲಿ ಬಾಡಿಗೆ ಅಂಗಡಿಯವರು ಒಂದು ಕೊಟ್ಟರು, ಬಿಡಿ,
ಇವತ್ತು ಒಂಬತ್ತು ಸಲ ಬಿದ್ದೆ' ಅಂತ ಸಂಭ್ರಮ ಅವಳಿಗೆ.

ಆದರೂ ತಕ್ಕಡಿಯ ಮೇಲಿಟ್ಟು ನೋಡಿದೆ.
ಸೊನ್ನೆ.
ಐವತ್ತು ಗ್ರಾಮಿನ ಕೆಳಗಿನದು
ಅದರ ಕಣ್ಣಿಗೆ ಬೀಳುವುದಿಲ್ಲ.

'ಎಷ್ಟು?' ಅಂದ ದಸ್ತಗೀರ.
'ಲಾಭ' ಅಂದೆ.
ಅವನು ಮುಂದಿನ ಚೀಲ ಎತ್ತಿಟ್ಟ.